‘ಇತರೆ’ ಎಂದು ನಾನು ಬರೆದದ್ದು

ದೇವನಹಳ್ಳಿಯಲ್ಲಿ ಒಂದು ಟ್ರಸ್ಟಿನವರು ನಡೆಸುತ್ತಿದ್ದ ಗ್ರಂಥಾಲಯದಲ್ಲಿ ನಾನು ಹದಿನಾಲ್ಕು ವರ್ಷ ಕೆಲಸ ಮಾಡಿದೆ. ಸೇರಿದಾಗ ವಿಮಾನ ನಿಲ್ದಾಣಕ್ಕೆ ಜಮೀನು ಅಳೆಯುವುದು ಮುಗಿದಿತ್ತು, ಊರುಗಳು ಇನ್ನೂ ಇದ್ದವು. ಬಿಡುವ ಹೊತ್ತಿಗೆ ವಿಮಾನದ ಸದ್ದಿಗೆ ಓದುಗರು ತಲೆ ಎತ್ತಿ ನೋಡುವುದನ್ನೂ ನಿಲ್ಲಿಸಿದ್ದರು.

ನನ್ನದು ಪಟ್ಟಿ ಮಾಡುವ ಕೆಲಸ. ಬಂದ ಪ್ರತಿ ಪುಸ್ತಕಕ್ಕೂ ಒಂದು ಕಾರ್ಡು ಬರೆಯಬೇಕು. ಕಾರ್ಡಿನಲ್ಲಿ ಪುಸ್ತಕ ಯಾವುದರ ಬಗ್ಗೆ ಇದೆ ಎಂದು ಒಂದು ಶೀರ್ಷಿಕೆ ಇರುತ್ತಿತ್ತು, ಪುಸ್ತಕ ಏನು ಎಂದು ಇನ್ನೊಂದು. ರೇಷ್ಮೆ ಹುಳು ಸಾಕುವ ವಿಧಾನ ಹೇಳುವ ಪುಸ್ತಕವೂ, ಹುಳು ಸಾಕುವವರು ಹೇಳಿಕೊಂಡ ಹಾಡುಗಳ ಪುಸ್ತಕವೂ ರೇಷ್ಮೆಯ ಬಗ್ಗೆಯೇ. ಆದರೆ ಒಂದು ಕೈಪಿಡಿ, ಇನ್ನೊಂದು ಹಾಡಿನ ಪದ. ಈ ಎರಡನೆಯ ಶೀರ್ಷಿಕೆಯನ್ನು ನಾವು ಪ್ರಕಾರ ಎನ್ನುತ್ತಿದ್ದೆವು.

ನನ್ನ ಮೇಲೆ ಒಬ್ಬ ಹಿರಿಯ ಗ್ರಂಥಪಾಲಕರಿದ್ದರು. ಹತ್ತಿರದ ವಿಜಯಪುರದಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದರು. ಪ್ರಕಾರದ ವಿಷಯದಲ್ಲಿ ಅವರಿಗೂ ನನಗೂ ಆಗುತ್ತಿರಲಿಲ್ಲ. ತರಬೇತಿಯಲ್ಲಿ ನನಗೆ ಹೇಳಿಕೊಟ್ಟಿದ್ದು, ಶೀರ್ಷಿಕೆಗಳು ಕಡಿಮೆ ಇದ್ದಷ್ಟೂ ಹುಡುಕುವವರಿಗೆ ಸುಲಭ ಎಂದು. ಅವರು ತಿಂಗಳಿಗೊಂದು ಹೊಸದನ್ನು ಸೇರಿಸುತ್ತಿದ್ದರು. ‘ಸೋಬಾನೆ ಪದ’, ‘ಮನೆಮದ್ದಿನ ಚೀಟಿ’, ‘ಹರಕೆ ಪತ್ರ’. ಹರಕೆ ಪತ್ರದಲ್ಲಿ ಇದ್ದದ್ದು ಒಂದೇ ಒಂದು ಕಾರ್ಡು.

“ಇವೆಲ್ಲ ಸ್ಟ್ಯಾಂಡರ್ಡ್ ಅಲ್ಲ ಸಾರ್” ಎಂದೆ ಒಂದು ದಿನ.

“ಇಲ್ಲಿಗೆ ಬರೋರು ಸ್ಟ್ಯಾಂಡರ್ಡ್ ಜನಾನೇನಮ್ಮ?” ಎಂದು ಕೇಳಿ, ಉತ್ತರಕ್ಕೂ ಕಾಯದೆ ಕಾರ್ಡಿನ ಮೇಲೆ ಬಗ್ಗಿದರು.

ಅದೇ ವರ್ಷ ಒಬ್ಬ ಹೆಂಗಸು ಪ್ಲಾಸ್ಟಿಕ್ ವಯರಿನ ಬುಟ್ಟಿಯಲ್ಲಿ ಐದು ನೋಟ್‌ಬುಕ್ಕುಗಳನ್ನು ತಂದಳು. ಐವತ್ತೈದರ ಆಸುಪಾಸು, ಎತ್ತರದ ಆಳು. ಅವಳ ಊರು ವಿಮಾನ ನಿಲ್ದಾಣಕ್ಕೆ ಹೋಗಿತ್ತು; ಹೊಸ ಬಡಾವಣೆಯಲ್ಲಿ ಸೈಟು ಕೊಟ್ಟಿದ್ದರು. ನೋಟ್‌ಬುಕ್ಕುಗಳು ಅವಳ ಅಪ್ಪನವು. ಅವನು ಕೇಳಿಕೆ ಮೇಷ್ಟ್ರು. ನಮ್ಮ ಕಡೆ ಊರ ಮುಂದೆ ವೇಷ ಕಟ್ಟಿ, ಹಾಡಿ ಕುಣಿದು ಕಥೆ ಆಡುವುದಕ್ಕೆ ಕೇಳಿಕೆ ಎನ್ನುತ್ತಾರೆ. ಆ ಆಟದ ಪದ, ಮಾತು, ಯಾರು ಯಾವಾಗ ಒಳಗೆ ಬರಬೇಕು ಎಂಬುದನ್ನೆಲ್ಲ ಅವನು ನೀಲಿ ಮಸಿಯಲ್ಲಿ ಬರೆದಿಟ್ಟಿದ್ದ. ಅರ್ಧ ಕನ್ನಡ, ಮಧ್ಯೆ ಮಧ್ಯೆ ಕನ್ನಡ ಅಕ್ಷರದಲ್ಲಿ ತೆಲುಗು.

“ಹೊಸ ಮನೇಲಿ ಗೋಡೆ ನೀರು ಕುಡಿತೈತೆ ಸಾಮಿ. ಪುಸ್ತಕ ಉಳಿಯಾಕಿಲ್ಲ. ಇಲ್ಲಿಟ್ಕೊಳಿ, ನಾನು ಬಂದು ಬಂದು ನೋಡ್ಕೊಂಡೋಗ್ತೀನಿ” ಎಂದಳು.

ಹಿರಿಯರು ಅವಳೆದುರಿಗೇ ಹೊಸ ಕಾರ್ಡು ತೆಗೆದು ಮೇಲ್ಗಡೆ ‘ಕೇಳಿಕೆ’ ಎಂದು ಬರೆದು ಓದಿ ಹೇಳಿದರು. ಮನೆಗೆ ಕೊಡುವುದಿಲ್ಲ, ಇಲ್ಲೇ ಕೂತು ಓದಬೇಕು ಎಂದು ಕೆಳಗೆ ಷರಾ ಹಾಕಿದರು.

ಅವಳಿಗೆ ಓದು ಬರುತ್ತಿರಲಿಲ್ಲ. ಎರಡು ಮೂರು ತಿಂಗಳಿಗೊಮ್ಮೆ ಬಂದಾಗ ನಾನೇ ಓದಬೇಕಿತ್ತು. ಹೆಂಗಸರು ಕೇಳಿಕೆಯಲ್ಲಿ ವೇಷ ಕಟ್ಟುತ್ತಿರಲಿಲ್ಲವಂತೆ. ಅಪ್ಪ ಜಗಲಿಯ ಮೇಲೆ ಗಂಡಸರಿಗೆ ಕಲಿಸುವಾಗ ಅವಳು ಒಳಗೆ ರಾಗಿ ಬೀಸುತ್ತಾ ಕೇಳಿಸಿಕೊಂಡದ್ದು. ನಾನು ಮೊದಲ ಸಾಲು ಓದುತ್ತಿದ್ದೆ. ಅವಳು ಕಣ್ಣು ಮುಚ್ಚಿ ಎರಡನೆಯದರಿಂದ ಹಿಡಿದು ಪದ ಮುಗಿಯುವ ತನಕ ಹೇಳಿಬಿಡುತ್ತಿದ್ದಳು. ತಪ್ಪುತ್ತಲೇ ಇರಲಿಲ್ಲ. ಓದುಗರು ತಿರುಗಿ ನೋಡುತ್ತಾರೆಂದು ನನಗೆ ಸಂಕೋಚ. “ಮೆಲ್ಲಗೆ” ಎನ್ನುತ್ತಿದ್ದೆ. ಅವಳು ದನಿ ತಗ್ಗಿಸಿ, ಬೆರಳಿನಲ್ಲಿ ಮೇಜಿನ ಮೇಲೆ ತಾಳ ಹಾಕುತ್ತಿದ್ದಳು.

ವಿಮಾನ ಹಾರಲು ಶುರುವಾದ ಮರುವರ್ಷ ಹಿರಿಯರು ನಿವೃತ್ತರಾದರು. ಕಂಪ್ಯೂಟರ್ ಬಂತು. ಬೆಂಗಳೂರಿನ ಮುಖ್ಯ ಕಚೇರಿಯಿಂದ ಪ್ರಕಾರಗಳ ಒಂದು ಪಟ್ಟಿ ಕಳಿಸಿದರು. ತೆರೆಯ ಮೇಲೆ ಬಾಣದ ಗುರುತು ಒತ್ತಿದರೆ ಪಟ್ಟಿ ಇಳಿಯುತ್ತಿತ್ತು, ಅದರಲ್ಲಿ ಒಂದನ್ನು ಆರಿಸಬೇಕು. ನಾವು ಸೇರಿಸುವ ಹಾಗಿಲ್ಲ. ಸುಳ್ಳು ಹೇಳಲಾರೆ, ನನಗೆ ಸಂತೋಷವಾಗಿತ್ತು. ಹಿರಿಯರ ಕಾರ್ಡಿನ ಡ್ರಾಯರುಗಳನ್ನು ಒಂದೊಂದಾಗಿ ಎಳೆದು, ಸೋಬಾನೆ ಪದವನ್ನು ಜಾನಪದಕ್ಕೆ, ಮನೆಮದ್ದನ್ನು ವೈದ್ಯಕೀಯಕ್ಕೆ ಸೇರಿಸುತ್ತಾ ಹೋದೆ. ಕೊಳೆ ಪಾತ್ರೆ ತಿಕ್ಕಿ ಬೋರಲು ಹಾಕಿದ ಹಾಗೆ ಇತ್ತು.

ಕೇಳಿಕೆಯ ಕಾರ್ಡು ಬಂದಾಗ ‘ನಾಟಕ’ ಒತ್ತಿದೆ. ನಾಟಕ ಎಂದರೆ ಪ್ರಕಾಶಕರ ಹೆಸರು, ಅಚ್ಚಾದ ವರ್ಷ ಕೇಳಿತು. ಖಾಲಿ ಬಿಟ್ಟರೆ ಮುಂದಕ್ಕೆ ಹೋಗಲೊಲ್ಲದು. ‘ಜಾನಪದ’ ಒತ್ತಿದರೆ ಸಂಗ್ರಹಕಾರರು ಯಾರು ಎಂದಿತು. ಪಟ್ಟಿಯ ಕೊನೆಯಲ್ಲಿ ‘ಇತರೆ’ ಎಂದಿತ್ತು. ಅದು ಏನನ್ನೂ ಕೇಳಲಿಲ್ಲ. ಐದನ್ನೂ ಅದಕ್ಕೆ ಹಾಕಿದೆ. ಮುಖ್ಯ ಕಚೇರಿಗೆ ಒಂದು ಫೋನು ಮಾಡಬಹುದಿತ್ತು. ಕೆಲಸದ ಒತ್ತಡವೇನೂ ಇರಲಿಲ್ಲ. ಅಷ್ಟು ಮುಖ್ಯ ಎನಿಸಲಿಲ್ಲ, ಅಷ್ಟೇ.

ಅದಾಗಿ ಎರಡು ವರ್ಷಕ್ಕೆ ಟ್ರಸ್ಟಿನವರು ಗ್ರಂಥಾಲಯದ ಅರ್ಧ ಜಾಗವನ್ನು ತರಬೇತಿಗೆ ಕೊಡಬೇಕೆಂದರು. ವಿಮಾನ ನಿಲ್ದಾಣದ ಕೆಲಸಗಳಿಗೆ ಸುತ್ತಲಿನ ಹುಡುಗ ಹುಡುಗಿಯರನ್ನು ತಯಾರು ಮಾಡುವ ತರಬೇತಿ. ಕಪಾಟು ಖಾಲಿಯಾಗಬೇಕು. ‘ಇತರೆ’ ಪ್ರಕಾರದಲ್ಲಿದ್ದು ಒಮ್ಮೆಯೂ ಓದುಗರ ಮನೆಗೆ ಹೋಗದ ಪುಸ್ತಕಗಳನ್ನೆಲ್ಲ ತೆಗೆಯಿರಿ ಎಂದು ಪತ್ರ ಬಂತು. ಕಂಪ್ಯೂಟರ್ ಪಟ್ಟಿ ಮುದ್ರಿಸಿಕೊಟ್ಟಿತು. ಮನೆಗೆ ಕೊಡಬಾರದೆಂದು ನಾವೇ ಷರಾ ಹಾಕಿದ್ದ ಪುಸ್ತಕಗಳು, ಯಾರಿಗೂ ಬೇಡವಾದವುಗಳ ಸಾಲಿನಲ್ಲಿ ಬಂದು ಕೂತಿದ್ದವು. ನಾನು ಪಟ್ಟಿಯನ್ನು ಓದಲೇ ಇಲ್ಲ. ಪ್ರತಿ ಹಾಳೆಯ ಕೆಳಗೂ ಸಹಿ ಹಾಕಿದೆ. ತೆಗೆದ ಪುಸ್ತಕಗಳ ಚೀಲಗಳನ್ನು ರದ್ದಿಯ ಟೆಂಪೋದವರು ಬಂದು ಒಯ್ದರು.

ಆ ಹೆಂಗಸು ಕಾಲು ಮುರಿದುಕೊಂಡು ಏಳೆಂಟು ತಿಂಗಳು ಬಂದಿರಲಿಲ್ಲ. ಬಂದವಳು ಕೋಲನ್ನು ಮೇಜಿಗೆ ಒರಗಿಸಿ, ಮಾಮೂಲಿ ಕುರ್ಚಿಯಲ್ಲಿ ಕೂತಳು.

“ತತ್ತಾರವ್ವ, ಎಷ್ಟು ದಿನ ಆಯ್ತು” ಎಂದಳು.

ನಾನು ಒಳಗೆ ಹೋದೆ. ಕಪಾಟಿನ ಜಾಗದಲ್ಲಿ ಪ್ಲೈವುಡ್ ಗೋಡೆ ಎದ್ದಿತ್ತು, ಆಚೆಯಿಂದ ಯಾರೋ ಇಂಗ್ಲಿಷಿನಲ್ಲಿ ಪ್ರಯಾಣಿಕರನ್ನು ಸ್ವಾಗತಿಸುವುದನ್ನು ಕಲಿಯುತ್ತಿದ್ದರು. ಆಗ ಹೊಳೆಯಿತು.

ಹೊರಗೆ ಬಂದು, “ಬೈಂಡಿಂಗಿಗೆ ಕಳಿಸಿದೀವಿ ಅಮ್ಮ, ಮುಂದಿನ ವಾರ ಬನ್ನಿ” ಎಂದುಬಿಟ್ಟೆ.

“ಒಳ್ಳೇದಾಯ್ತು ಬುಡು, ಎರಡನೇದು ದಾರ ಬಿಟ್ಕೊಂಡಿತ್ತು” ಎಂದು ಅವಳು ನಕ್ಕಳು.

ಮರುದಿನ ರಜೆ ಹಾಕಿ ನೆಲಮಂಗಲಕ್ಕೆ ಹೋದೆ. ಟೆಂಪೋದವರು ಹೇಳಿದ ಗೋಡೌನು ತುಮಕೂರು ರಸ್ತೆಯ ಬದಿಯಲ್ಲಿತ್ತು. ಹಳೇ ಪೇಪರಿನ ಮೂಟೆಗಳನ್ನು ಲಾರಿಗೆ ಎಸೆಯುತ್ತಿದ್ದರು. ಅಲ್ಲಿನ ಮೇಸ್ತ್ರಿ ನಾನು ಹೇಳುವುದನ್ನು ತಾಳ್ಮೆಯಿಂದ ಕೇಳಿದ.

“ಇಲ್ಲಿ ಒಂದ್ ವಾರಾನೂ ನಿಲ್ಲಲ್ಲ ಮೇಡಂ, ಮಿಲ್ಲಿಗೆ ಹೋಗ್ಬಿಡುತ್ತೆ. ನಿಮ್ದು ಯಾವಾಗ ಬಂದಿದ್ದು?”

“ನಾಲ್ಕು ತಿಂಗಳಾಯ್ತು.”

ಅವನು ಒಂದು ಸ್ಟೂಲು ತಂದುಕೊಟ್ಟು ಕೂರಲು ಹೇಳಿದ. ನನ್ನ ಮುಖ ಹೇಗಿತ್ತೋ.

ಆ ಭಾನುವಾರ ಹಿರಿಯರ ಮನೆಗೆ ವಿಜಯಪುರಕ್ಕೆ ಹೋದೆ. ಬೀದಿಯ ತುಂಬ ರೇಷ್ಮೆಗೂಡು ಬೇಯಿಸುವ ವಾಸನೆ. ಅವರು ಬೈಯಲಿ ಎಂದೇ ಹೋಗಿದ್ದೆ. ಎಲ್ಲ ಹೇಳಿದೆ.

“ನಾನೂ ಮಾಡಿದೀನಿ ಕಣಮ್ಮ” ಎಂದರು. “ಕೆಲಸಕ್ಕೆ ಸೇರಿದ ಹೊಸದರಲ್ಲಿ. ಒಬ್ಬ ಮುದುಕಿ ಸೋಬಾನೆ ಪದ ಬರೆಸ್ಕೊಂಡು ತಂದುಕೊಟ್ಟಿದ್ಲು, ಎರಡು ಪುಸ್ತಕ. ಹೆಂಗಸರ ಹಾಡು, ಇದೇನು ಸಾಹಿತ್ಯ ಅಂತ ರದ್ದಿಗೆ ಹಾಕ್ಬಿಟ್ಟೆ. ಅವಳು ಬಂದು ಕೇಳ್ಲೂ ಇಲ್ಲ. ಆಮೇಲೆ ಶೀರ್ಷಿಕೆ ಮಾಡ್ದೆ. ಮಾಡಿ ಏನ್ ಬಂತು?”

ಅವರ ಮಾತಿನಿಂದ ನನಗೆ ಸಮಾಧಾನವೇನೂ ಆಗಲಿಲ್ಲ. ಹೊರಡುವಾಗ, “ಹೇಳ್ಬಿಡು ಹೋಗಿ. ಬೈಂಡಿಂಗು ಗಿಂಡಿಂಗು ಅನ್ಬೇಡ” ಎಂದರು.

ಬಡಾವಣೆಗೆ ಹೋಗಿ ಹೇಳಿದೆ. ಅವಳು ಬಾಗಿಲ ಮೆಟ್ಟಿಲ ಮೇಲೆ ಕಾಲು ಚಾಚಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಸುಲಿಯುವ ಕೈ ನಿಂತಿತು.

“ಐದೂನಾ?”

“ಐದೂ.”

“ನೀನೇ ಕಳ್ಸಿದ್ದಾ?”

“ಹೂಂ.”

ಅವಳು ಅಳಲಿಲ್ಲ. ಮೊರದಲ್ಲಿದ್ದ ಕಾಳನ್ನು ಸುಮ್ಮನೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಸಿದಳು. ನಾನು ಬಾಯಿಗೆ ಬಂದದ್ದು ಹೇಳಿದೆ: ನಿಮಗೆ ಎಲ್ಲ ಬಾಯಲ್ಲಿದೆಯಲ್ಲ, ನೀವು ಹೇಳಿ, ನಾನು ಬರೆದುಕೊಳ್ಳುತ್ತೇನೆ, ಅಚ್ಚುಕಟ್ಟಾಗಿ ಇಡುತ್ತೇನೆ. ಅವಳು ನನ್ನನ್ನೇ ನೋಡಿದಳು.

“ನೀನು ಮೊದಲ್ನೇದು ಅಂದ್ರೆ ತಾನೆ ನಂಗೆ ಎರಡನೇದು ಬರೋದು” ಎಂದಳು.

ಆದರೂ ಬಂದಳು. ಆರು ಶನಿವಾರ, ಕೋಲೂರಿಕೊಂಡು, ಎರಡು ಬಸ್ಸು ಬದಲಾಯಿಸಿ. ನನಗೆ ನೆನಪಿದ್ದ ಮೊದಲ ಸಾಲುಗಳು ಕೆಲವೇ. ಅಷ್ಟು ವರ್ಷ ಓದಿ ಹೇಳಿದ್ದರೂ ನಾನು ಅವನ್ನು ಕೇಳಿಸಿಕೊಂಡಿರಲಿಲ್ಲ. ‘ಯಾರೆಲೆ ಬಾಲೆ ಬಾವಿಯ ಬಳಿಗೆ’ ಎಂದರೆ ಅವಳು ಹೊಳೆಯಂತೆ ಹರಿಯುವಳು. ನನ್ನ ಸಾಲು ಅರ್ಧಂಬರ್ಧವಾದರೆ ಅವಳ ಬೆರಳು ಮೇಜಿನ ಮೇಲೆ ಒಂದೆರಡು ಸಲ ಬಡಿದು ನಿಂತುಬಿಡುತ್ತಿತ್ತು. ತುಟಿ ಆಡುತ್ತಿತ್ತು, ಪದ ಬರುತ್ತಿರಲಿಲ್ಲ. ಹನ್ನೊಂದು ಹಾಳೆ ಆಯಿತು. ಯಾವ ಪದ ಯಾವ ಕಥೆಯದು ಎಂಬುದೂ ಅಲ್ಲಲ್ಲಿ ಕಲಸಿತ್ತು.

ಆರನೆಯ ಶನಿವಾರ ಬರೆದಷ್ಟನ್ನು ಓದಿಸಿ ಕೇಳಿದಳು. ಮುಗಿದ ಮೇಲೆ, “ಸಾಕು ಬುಡವ್ವ. ಇದನ್ನ ಕೇಳುದ್ರೆ ನಮ್ಮಪ್ಪ ಇಷ್ಟೇನಾ ಅನ್ನುಸ್ತದೆ” ಎಂದಳು. ಹಾಳೆಗಳನ್ನು ಕೊಡಲು ಹೋದರೆ ಬೇಡವೆಂದಳು.

ನಾನು ‘ಕೇಳಿಕೆ’ ಎಂಬ ಪ್ರಕಾರವನ್ನು ಪಟ್ಟಿಗೆ ಸೇರಿಸಬೇಕೆಂದು ಮುಖ್ಯ ಕಚೇರಿಗೆ ಬರೆದೆ. ಅದರಲ್ಲಿ ಎಷ್ಟು ಪುಸ್ತಕ ಇವೆ ಎಂದು ತಿರುಗಿ ಕೇಳಿದರು. ಹನ್ನೊಂದು ಹಾಳೆಯ ಒಂದು ಕಡತ ಎಂದು ಬರೆದೆ. ಒಂದಕ್ಕಾಗಿ ಪ್ರಕಾರ ಸೇರಿಸಲಾಗದು, ಇರುವ ಶೀರ್ಷಿಕೆಗಳಲ್ಲೇ ಹೊಂದಿಸಿಕೊಳ್ಳಿ ಎಂದು ಉತ್ತರ ಬಂತು. ಹೊಂದಿಸಲಿಲ್ಲ. ಕಡತವನ್ನು ಮನೆಗೆ ತಂದಿಟ್ಟುಕೊಂಡೆ. ನಿಯಮದ ಪ್ರಕಾರ ಅದೂ ತಪ್ಪೇ.

ಹಿರಿಯರು ತೀರಿಕೊಂಡರು. ಗ್ರಂಥಾಲಯವೂ ಮುಚ್ಚಿತು. ಅದು ಮುಚ್ಚಿದ ವರ್ಷ ಆವತಿ ಕಡೆಯ ಬಸ್ಸಿನಲ್ಲಿ ಆ ಹೆಂಗಸು ಸಿಕ್ಕಳು. ಸರಿದು ಪಕ್ಕದಲ್ಲಿ ಜಾಗ ಮಾಡಿಕೊಟ್ಟಳು. ಮಂಡಿ ನೋವು, ಹೊಸ ಮನೆಗೆ ಹಾಕಿಸಿದ ಶೀಟು, ಬಡಾವಣೆಯಲ್ಲಿ ನೀರು ಬಿಡುವ ಹೊತ್ತು, ಎಲ್ಲ ಹೇಳಿದಳು. ನನ್ನ ಮಗಳ ಓದಿನ ಬಗ್ಗೆ ವಿಚಾರಿಸಿದಳು. ಅಪ್ಪನ ಮಾತು ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಅವಳು ಇಳಿಯುವ ಜಾಗ ಬಂದಾಗ, ಕಂಡಕ್ಟರಿಗೆ ಸ್ವಲ್ಪ ನಿಧಾನ ಎಂದು ನಾನೇ ಕೂಗಿ ಹೇಳಿ, ಅವಳ ಕೋಲನ್ನು ಕೆಳಗೆ ಕೊಟ್ಟೆ. “ಬರ್ತೀನವ್ವ” ಎಂದು ಅವಳು ರಸ್ತೆ ದಾಟಿದಳು.