ಮದ್ದೂರಿನಲ್ಲಿ ಒಪ್ಪಿಸಿದ ಅರ್ಧ ಮಾತು

ನಮ್ಮ ರೈಲಿನಲ್ಲಿ ಕಿಟಕಿ ಪಕ್ಕದ ಒಂದು ಸೀಟು ತಿಂಗಳಿಂದ ಖಾಲಿ ಹೋಗುತ್ತಿದೆ. ನಂಬುತ್ತೀರಾ? ಸೀಟು ಹಿಡಿಯಲು ಕಿಟಕಿಯಿಂದ ಟವೆಲ್ಲು, ಛತ್ರಿ, ಊಟದ ಡಬ್ಬಿ ಎಸೆಯುವ ಜನ ನಾವು. (ಒಮ್ಮೆ ಒಬ್ಬರು ತಮ್ಮ ಕೂಸನ್ನೇ ಒಳಗೆ ತೂರಿಸಿದ್ದರು.) ಆದರೂ ಆ ಸೀಟಿಗೆ ಯಾರಾದರೂ ಬಂದರೆ ಎದುರಿಗೆ ಕೂತ ಯಲಿಯೂರಿನ ಚಿಕ್ಕೇಗೌಡರು ಕಣ್ಣು ಕೆಂಪಗೆ ಮಾಡಿ, "ಇಲ್ಲಿ ಜನ ಅವ್ರೆ" ಅನ್ನುತ್ತಾರೆ.

ಜನ ಬರುವುದಿಲ್ಲ. ಆ ಜನ ಅಂದರೆ ಮದ್ದೂರಿನ ಶಾಮಣ್ಣನವರು, ಚನ್ನಪಟ್ಟಣದಲ್ಲಿ ಹೈಸ್ಕೂಲು ಮೇಷ್ಟ್ರು. ಅವರೀಗ ಬಸ್ಸಿನಲ್ಲಿ ಓಡಾಡುತ್ತಿದ್ದಾರೆ.

ಬೆಳಗಿನ ನಮ್ಮ ಪ್ಯಾಸೆಂಜರ್ ಗಾಡಿಯ ವಿಚಾರ ಹಳೆಯ ಓದುಗರಿಗೆ ಗೊತ್ತು. ಹೊಸಬರಿಗಾಗಿ ಹೇಳುತ್ತೇನೆ. ಯಲಿಯೂರಿನಲ್ಲಿ ಗೌಡರು ಹತ್ತುತ್ತಾರೆ. ಊರಲ್ಲಿ ಗದ್ದೆ, ಬೆಂಗಳೂರಲ್ಲಿ ಸರ್ಕಾರಿ ನೌಕರಿ. ಮಂಡ್ಯದಲ್ಲಿ ನಾನು ಮತ್ತು ನನ್ನ ಆಫೀಸಿನ ಪುಟ್ಟರಾಜು. ಗಾಡಿ ಮಂಡ್ಯ ಬಿಟ್ಟಿತೋ, ಮಾತು ಶುರು. ಕಬ್ಬಿನ ರೇಟು, ಇಂದಿರಾ ಗಾಂಧಿ, ಹೆಂಡತಿಯ ಕಾಲುನೋವು, ಏನು ಬೇಕಾದರೂ ಆಗಬಹುದು. ಮದ್ದೂರಿನಲ್ಲಿ ಶಾಮಣ್ಣ ಹತ್ತುವಾಗ ವಿಷಯ ಅರ್ಧ ಬೆಂದಿರುತ್ತದೆ. ಅವರಿಗೆ ಅಲ್ಲಿವರೆಗಿನ ಮಾತನ್ನೆಲ್ಲ ಹೇಳಬೇಕು. ಇದಕ್ಕೆ ನಮ್ಮ ಗಾಡಿಯಲ್ಲಿ ಒಪ್ಪಿಸುವುದು ಅಂತ ಹೆಸರು.

ಒಪ್ಪಿಸುವುದಕ್ಕೆ ಶಾಮಣ್ಣನವರೇ ಕಾನೂನು ಮಾಡಿದ್ದರು. ಯಾರ ಮಾತು ಯಾರದು ಅಂತ ಹೆಸರು ಹಿಡಿದು ಹೇಳಬೇಕು. ಒಗ್ಗರಣೆ ಹಾಕಕೂಡದು. ಒಪ್ಪಿಸಿದ ಮೇಲೆಯೇ ಹೊಸಬರು ಬಾಯಿ ತೆಗೆಯಬೇಕು. ಮೇಷ್ಟ್ರಲ್ಲವೇ!

ಒಪ್ಪಿಸುವವನು ಯಾವಾಗಲೂ ಪುಟ್ಟರಾಜು. ಮೊದಮೊದಲು ಅವನು ಒಂದನ್ನೂ ಬಿಡುತ್ತಿರಲಿಲ್ಲ. ಗೌಡರು ಕೆಮ್ಮಿದ್ದು, ನಾನು ನಕ್ಕಿದ್ದು, ನಡುವೆ ಕಡಲೆಕಾಯಿಯವನು ಬಂದದ್ದು, ಎಲ್ಲವೂ ಬರುತ್ತಿತ್ತು. ಅವನು ಮುಗಿಸುವ ಹೊತ್ತಿಗೆ ಚನ್ನಪಟ್ಟಣ ಬಂದು ಶಾಮಣ್ಣ ಡಬ್ಬಿ ಹಿಡಿದು ಇಳಿಯಬೇಕಾಗುತ್ತಿತ್ತು.

"ಅಲ್ಲಯ್ಯಾ, ನನ್ನ ಸರದಿ ಬರೋದ್ರೊಳಗೆ ನನ್ನ ಊರೇ ಬರುತ್ತಲ್ಲ! ಸಾರ ಹೇಳು, ಸಾಕು" ಎಂದು ಒಂದು ದಿನ ಅವರು ಗದರಿದರು.

ಆವತ್ತಿನಿಂದ ಪುಟ್ಟರಾಜು ಕತ್ತರಿ ಹಿಡಿದ. ದಿನೇ ದಿನೇ ಪಳಗಿದ. ನಾವೂ ಶಭಾಷ್ ಅಂದೆವು. (ನನ್ನ ಅಂಕಣಕ್ಕೆ ಸಂಪಾದಕರು ಹಾಕುವ ಕತ್ತರಿಗೂ ನಾನು ಶಭಾಷ್ ಅನ್ನಲೇಬೇಕು, ವಿಧಿಯಿಲ್ಲ.)

ಹೀಗಿರುವಾಗ ಶಾಮಣ್ಣನವರ ಮಗಳು ಲಲಿತಾಗೆ ಕೆಲಸದ ಆರ್ಡರು ಬಂತು. ಟೀಚರ್ ಟ್ರೈನಿಂಗ್ ಮುಗಿಸಿದ್ದ ಹುಡುಗಿ. ಮಳವಳ್ಳಿಯಿಂದಾಚೆ ಒಂದು ಹಳ್ಳಿಯ ಪ್ರೈಮರಿ ಸ್ಕೂಲು. ಹೋಗಿಬರಲು ಸರಿಯಾದ ಬಸ್ಸಿಲ್ಲ, ಅಲ್ಲೇ ಉಳಿಯಬೇಕು. ಸೇರಲು ಗಡುವು ಹತ್ತಿರದಲ್ಲೇ ಇತ್ತು.

ಶಾಮಣ್ಣ ಇದನ್ನು ನಮ್ಮ ಮುಂದಿಟ್ಟರು. ಊರಿನ ದೂರ, ಬಸ್ಸಿನ ಕಷ್ಟ, ನೆಂಟರು ಏನಂದಾರೋ ಅನ್ನುವ ಭಯ, ಎಲ್ಲವನ್ನೂ ಕ್ರಮವಾಗಿ ಹೇಳಿದರು. "ನನಗಂತೂ ದಿಕ್ಕು ತೋಚ್ತಿಲ್ಲ. ನೀವೆಲ್ಲ ಯೋಚಿಸಿ ನಾಳೆ ಹೇಳಿ" ಅಂದರು.

ಮಾರನೆಯ ದಿನ ಮಂಡ್ಯ ಬಿಟ್ಟ ಕೂಡಲೇ ಗೌಡರು ಶುರು ಮಾಡಿದರು. ಅವರ ಮಾತನ್ನು ಪೂರ್ತಿ ಹಾಕುತ್ತೇನೆ. (ಸಂಪಾದಕರೇ, ದಯವಿಟ್ಟು ಇದನ್ನು ಮುಟ್ಟಬೇಡಿ.)

"ನೋಡಿ ಪೇಪರ್ನೋರೇ, ಎಣ್ಮಗೀನ ಒಂಟಿಯಾಗಿ ಗೊತ್ತಿಲ್ದ ಊರ್ಗೆ ಕಳ್ಸೋ ಅಪ್ಪ ಅಪ್ಪನೇ ಅಲ್ಲ ಅಂತ ಜನ ಆಡ್ಕತರೆ. ಆಡ್ಕಳ್ಳಿ ಬುಡಿ! ಜನ ಕುಂತ್ರೂ ಆಡ್ತರೆ, ನಿಂತ್ರೂ ಆಡ್ತರೆ. ಅಷ್ಟು ಓದ್ಸಿ ಈಗ ಒಲೆ ಮುಂದೆ ಕೂರ್ಸುದ್ರೆ ಅದ್ಕಿಂತ ಪಾಪ ಇಲ್ಲ. ಪಕ್ಕದೂರಲ್ಲೇ ನಮ್ ತಂಗಿ ಮನೆ ಐತೆ. ಒಂದು ಕ್ವಾಣೆ ಬುಟ್ಕೊಡ್ತಾಳೆ. ನಮ್ ಮನೆ ಅಡ್ಗೆ ಆಗ್ದೇ ಇದ್ರೆ ಮಗು ತಾನೇ ಬೇಯ್ಸ್ಕಳ್ಳಿ. ಮೇಷ್ಟ್ರು ಧೈರ್ಯವಾಗಿ ಕಳಿಸ್ಲಿ, ನಾನಿವ್ನಿ."

ಇಂಥ ಮಾತು ಯಾರು ಆಡುತ್ತಾರೆ ಈ ಕಾಲದಲ್ಲಿ?

ಮದ್ದೂರು ಬಂತು. ಎಂದಿನಂತೆ ಗೌಡರು ಎಲ್ಲರಿಗೂ ವಡೆ ತರಲು ಇಳಿದರು. ಶಾಮಣ್ಣ ಹತ್ತಿದರು. ಕೂರುವುದಕ್ಕೂ ಮುಂಚೆ, "ಗೌಡರು ಏನಂದ್ರಪ್ಪಾ?" ಎಂದು ಕೇಳಿದರು.

"ಎಣ್ಮಗೀನ ಒಂಟಿಯಾಗಿ ಕಳ್ಸೋ ಅಪ್ಪ ಅಪ್ಪನೇ ಅಲ್ಲ ಅಂದ್ರು ಸಾ" ಅಂದ ಪುಟ್ಟರಾಜು, ಗೌಡರ ಧಾಟಿಯಲ್ಲೇ, ನಗುನಗುತ್ತಾ. ಹಾಗೆ ಮೊದಲು ಬೆಚ್ಚಿಬೀಳಿಸಿ ಆಮೇಲೆ ಮಿಕ್ಕದ್ದು ಹೇಳುವುದು ಅವನ ಈಚಿನ ವರಸೆ.

ಶಾಮಣ್ಣನವರ ಮುಖ ಸುಣ್ಣದ ಹಾಗಾಯಿತು. "ಪೂರ್ತಿ ಹೇಳೋ ಪುಣ್ಯಾತ್ಮ! ಶಾಮಣ್ಣ, ಕೂತ್ಕೊಳ್ಳಿ" ಎಂದು ನಾನು ಕೂಗಿದೆ. ಅವರು ಆಗಲೇ ಬಾಗಿಲಲ್ಲಿದ್ದರು. ಹತ್ತುವವರ ನೂಕುನುಗ್ಗಲು ದಾಟಿ ನಾನು ಬಾಗಿಲಿಗೆ ಬರುವಷ್ಟರಲ್ಲಿ ಗಾಡಿ ಹೊರಟಿತ್ತು. ಅವರು ಪ್ಲಾಟ್‌ಫಾರಂ ಮೇಲೆ ಬೆನ್ನು ತಿರುಗಿಸಿ ನಡೆಯುತ್ತಿದ್ದರು.

ಓಡಿಬಂದು ಹತ್ತಿದ ಗೌಡರ ಕೈಯಲ್ಲಿ ವಡೆ ಪೊಟ್ಟಣ. "ಎಲ್ಲಿ, ನಮ್ ಮೇಷ್ಟ್ರು?"

ನಡೆದದ್ದು ಕೇಳಿ ಸಿಡಿದುಬಿದ್ದರು. "ತಲೆ ಇಡ್ಕೊಂಡು ಮುಂಡ ಬಿಸಾಕ್ಬುಟ್ಯಲ್ಲೋ ಬಡ್ಡೈದ್ನೇ!"

"ಸಾರ ಹೇಳು ಅಂತ ಅವ್ರೇ ಅಲ್ವಾ ಗೌಡ್ರೇ ಅಂದಿದ್ದು?" ಎನ್ನುವಾಗ ಪುಟ್ಟರಾಜುವಿನ ಕಣ್ಣಲ್ಲಿ ನೀರಿತ್ತು. ಇಂಜಿನ್ನಿನ ಕರಿ ಬಿತ್ತು ಅಂತ ಒರೆಸಿಕೊಂಡ.

ಮಾತನ್ನು ಚಿಕ್ಕದು ಮಾಡುವುದು ತಪ್ಪೇ? ಅಲ್ಲ. ಸೋಗೆಯ ಒಣಗರಿ ತೆಗೆಯದೆ ಕಬ್ಬನ್ನು ಯಾರೂ ಆಲೆಮನೆಗೆ ಹಾಕುವುದಿಲ್ಲ. ಕಬ್ಬನ್ನು ಗದ್ದೆಯಲ್ಲೇ ಬಿಟ್ಟು ಸೋಗೆ ಹೊತ್ತು ತಂದರೆ ಏನು ಹೇಳೋಣ?

ಆ ವಾರವೇ ಮದ್ದೂರಿಗೆ, ಶಾಮಣ್ಣನವರ ಮನೆಗೆ ಹೋದೆ. "ಪೂಜೆಯಲ್ಲಿದ್ದಾರೆ" ಎಂದು ಒಳಗಿಂದ ಉತ್ತರ ಬಂತು. ಮತ್ತೆ ಹೋದೆ. ಮತ್ತೂ ಪೂಜೆ. ಗೌಡರಿಗೆ ನೀವೇ ಹೋಗಿ ಅಂದರೆ, "ಇಷ್ಟು ವರ್ಸ ಒಂದೇ ಕಡೆ ಕುಂತು ಓಗಿವ್ನಿ. ನಾನು ಅಂಗಂದ್ನಾ ಅಂತ ಒಂದ್ ಮಾತು ಬಂದು ಕೇಳ್ಬಾರ್ದಾ?" ಅಂದರು. ಅದೂ ಸರಿಯೇ. ಅಷ್ಟರಲ್ಲಿ ಗಡುವು ಮುಗಿಯಿತು. ಆ ಜಾಗಕ್ಕೆ ಬೇರೆ ಯಾರನ್ನೋ ಹಾಕಿದರು.

ಹೋದ ಭಾನುವಾರ ಹಟ ಹಿಡಿದು ಅವರ ಜಗುಲಿಯ ಮೇಲೆ ಕೂತೆ. ಎಷ್ಟು ದೊಡ್ಡ ಪೂಜೆಯಾದರೂ ಮಂಗಳಾರತಿ ಇರಲೇಬೇಕಲ್ಲ! ಶಾಮಣ್ಣ ಹೊರಗೆ ಬಂದರು. ಗೌಡರ ಮಾತನ್ನು ಒಂದಕ್ಷರ ಬಿಡದೆ ಒಪ್ಪಿಸಿದೆ.

"ನೀವು ಬರೆಯೋ ಜನ. ಬಾಲ ಅಂಟಿಸೋದು ನಿಮಗೇನು ಕಷ್ಟ?" ಅಂದರು.

ನಾನು ಜಗುಲಿ ಬಿಟ್ಟು ಏಳಲಿಲ್ಲ. ಅವರೇ ಮೆಲ್ಲಗೆ ಕೇಳಿದರು. "ಅಡುಗೆ ಬೇರೆ ಮಾಡ್ಕೊಳ್ಳಲಿ ಅಂತಲೂ ಅಂದ್ರಾ?"

"ಅಂದ್ರು."

ಅವರ ಮನೆಯ ಮಡಿಯನ್ನು ನೆನೆದು ಗೌಡರೇ ಆಡಬೇಕಾದ ಆ ಮಾತನ್ನು ನಾನು ಕಟ್ಟಲಾರೆ ಅಂತ ಅವರಿಗೆ ಗೊತ್ತಾಯಿತು. ಹಣೆಗೆ ಕೈ ಹಚ್ಚಿಕೊಂಡರು. ನಾಳೆ ಗಾಡಿಗೆ ಬನ್ನಿ, ಗೌಡರು ನಿಮ್ಮ ಸೀಟು ಹಿಡಿದಿದ್ದಾರೆ ಎಂದೆ. "ಯಾವ ಮುಖ ಇಟ್ಕೊಂಡು ಬರಲಿ?" ಅಂದರು. ನನಗೆ ಬಹಳ ಬೇಜಾರಾಯಿತು. ಪಾಪ, ಪುಟ್ಟರಾಜು ಈಗ ಗಾಡಿಯಲ್ಲಿ ಬಾಯೇ ಬಿಡುವುದಿಲ್ಲ. ಇಷ್ಟಕ್ಕೆಲ್ಲ ಅವನ ಕತ್ತರಿಯೇ ಕಾರಣ ಅಂತಲೇ ನಾನು ಲೆಕ್ಕ ಹಾಕಿದ್ದೆ.

ಬಾಗಿಲ ಬಳಿ ನಿಂತು ಎಲ್ಲ ಕೇಳಿಸಿಕೊಂಡಿದ್ದ ಲಲಿತಾ ಕಾಫಿ ತಂದಿಟ್ಟಳು. ಹೋಗಲಿಲ್ಲ.

"ಮಾಮ, ಒಂದು ಕೇಳ್ಲಾ? ಆವತ್ತು ಅಪ್ಪ ನಿಮ್ಮೆಲ್ಲರ ಮುಂದೆ ವಿಷಯ ಇಟ್ರಲ್ಲ, ನಾನು ಏನಂದೆ ಅಂತ ಹೇಳಿದ್ರಾ?"

ಊರಿನ ದೂರ ಹೇಳಿದ್ದರು, ಬಸ್ಸಿನದು ಹೇಳಿದ್ದರು, ನೆಂಟರದು ಹೇಳಿದ್ದರು. ನಾನು ಶಾಮಣ್ಣನವರ ಕಡೆ ನೋಡಿದೆ. ಅವರು ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದರು.

"ಭಯ ಇದೆ, ಆದ್ರೂ ಹೋಗ್ತೀನಪ್ಪಾ ಅಂದಿದ್ದೆ" ಎಂದು ಹೇಳಿ ಒಳಗೆ ಹೋದಳು.

ಈಗ ನೀವೇ ಹೇಳಿ, ನಮ್ಮ ಗಾಡಿಯಲ್ಲಿ ಮೊದಲು ಕತ್ತರಿ ಆಡಿಸಿದವನು ಪುಟ್ಟರಾಜುವೇ?