ಲೀಲಾಕ್ಷಿ ಬ್ರೆಜಿಲ್‌ಗೆ ಗುಂಪು ಕರೆದೊಯ್ದದ್ದು

ದೋಹಾದಲ್ಲಿ ನಮ್ಮ ವಿಲ್ಲಾದ ಮೇಲಿನ ಕೋಣೆಯಲ್ಲಿರುವ ಲೀಲಾಕ್ಷಿಗೆ ಲೋಕದ ದೇಶಗಳೆಲ್ಲ ಫೋಟೋದ ಅಳತೆಯಿಂದ ಗೊತ್ತು. ಒಂದು ದೇಶಕ್ಕೆ ಚೌಕದ ಫೋಟೋ ಬೇಕು, ಇನ್ನೊಂದಕ್ಕೆ ಉದ್ದದ್ದು, ಮತ್ತೊಂದಕ್ಕೆ ಎರಡೂ ಕಿವಿ ಕಾಣಬೇಕು. ಇಸ್ಮಾಯಿಲ್ ಬ್ಯಾರಿಗಳ ಟ್ರಾವೆಲ್ಸ್ ಆಫೀಸಿನಲ್ಲಿ ಒಂಬತ್ತು ವರ್ಷದಿಂದ ಅವಳು ಚಾ ಮಾಡುತ್ತಾಳೆ, ಝೆರಾಕ್ಸ್ ತೆಗೆಯುತ್ತಾಳೆ, ವೀಸಾ ಅರ್ಜಿಗೆ ಫೋಟೋ ಅಂಟಿಸುತ್ತಾಳೆ. ಸಂಜೆ ಮದೀನತ್ ಖಲೀಫಾದ ಈ ಮನೆಗೆ ವಾಪಸು ಬಂದರೆ ಮೊದಲು ನನ್ನ ಅಡುಗೆಮನೆಗೆ. ಸ್ಟೂಲು ಎಳೆದುಕೊಂಡು ಕುಳಿತು ಅವಳು ಹೇಳುತ್ತಾಳೆ, ನಾನು ಬಸಳೆ ಸೋಸುತ್ತ ಕೇಳುತ್ತೇನೆ. ಮಗ ಸೊಸೆ ಡ್ಯೂಟಿ ಮುಗಿಸಿ ಬರುವವರೆಗೆ ನಮ್ಮಿಬ್ಬರದೇ ರಾಜ್ಯ.

ಉಚ್ಚಿಲದ ಮೀನುಗಾರ ಮೊಗವೀರರ ಮನೆಯ ಹುಡುಗಿ ಅವಳು. ಓದಿದ್ದು ಏಳನೇ ಕ್ಲಾಸು. ಗಂಡ ಬೋಜ ತೀರಿಕೊಂಡ ಮೇಲೆ ಒಂದು ಮನೆಯಲ್ಲಿ ಮಗು ನೋಡಿಕೊಳ್ಳಲು ಕತಾರಿಗೆ ಬಂದಳು. ಆ ಮಗು ದೊಡ್ಡದಾಗಿ ಇವಳ ಅಗತ್ಯ ಮುಗಿದಾಗ ಬ್ಯಾರಿಗಳು ಆಫೀಸಿಗೆ ಸೇರಿಸಿಕೊಂಡರು. ಹಿಂದಿ, ಮಲಯಾಳಂ, ಅರಬ್ಬಿ, ಇಂಗ್ಲಿಷು ಎಲ್ಲವೂ ಅವಳ ಬಾಯಲ್ಲಿ ಚೂರುಚೂರು ಇವೆ. ಎಲ್ಲಿ ಯಾವ ಚೂರು ಇಡಬೇಕೆಂಬುದು ಮಾತ್ರ ಅವಳಿಗೆ ಚೆನ್ನಾಗಿ ಗೊತ್ತು.

ಅವಳಿಗೆ ಒಂದು ಆಸೆಯಿತ್ತು. ಬ್ಯಾರಿಗಳ ಆಫೀಸಿನಿಂದ ಜಾರ್ಜಿಯಾಕ್ಕೆ, ಬಾಕುವಿಗೆ ಗುಂಪುಗಳು ಹೊರಡುವಾಗ ಪಾಸ್‌ಪೋರ್ಟಿನ ಕಟ್ಟು ಹಿಡಿದುಕೊಂಡು ಏರ್‌ಪೋರ್ಟಿಗೆ ಹೋಗುವವಳು ಇವಳು. ಗುಂಪು ಒಳಗೆ ಹೋಗುತ್ತದೆ, ಮುಂದೆ ಆಫೀಸಿನ ಟೂರ್ ಲೀಡರ್ ಯಜ್ಞೇಶ್ ಸಣ್ಣ ಹಳದಿ ಬಾವುಟ ಹಿಡಿದು ನಡೆಯುತ್ತಾನೆ, ಇವಳು ಬಸ್ಸು ಹಿಡಿದು ಹಿಂದಿರುಗುತ್ತಾಳೆ. ಒಂದು ದಿನ ಬಸಳೆಯ ದಂಟು ಮುರಿಯುತ್ತ, ನನ್ನ ಮುಖ ನೋಡದೆ ಹೇಳಿದಳು: “ಒಂದು ಸಲ ಆ ಬಾವುಟ ನಾನು ಹಿಡೀಬೇಕು ಅಂತ ಉಂಟಮ್ಮ.”

ಅದು ಆದದ್ದು ರೋಸ್‌ಮೇರಿಯಿಂದ. ರೋಸ್‌ಮೇರಿ ಮಂಗಳೂರಿನ ಕ್ರಿಸ್ತುವರು, ಇಲ್ಲಿ ನರ್ಸಾಗಿದ್ದು ರಿಟೈರಾದವರು. ಅವರ ವಾರ್ಡಿನಲ್ಲಿ ಬ್ರೆಜಿಲಿನ ಕ್ಯಾರೊಲ್ ಎಂಬ ನರ್ಸು ಒಂಬತ್ತು ವರ್ಷ ಜೊತೆಗಿದ್ದಳು. ಈಗ ಸಲ್ವಡೋರ್ ಎಂಬ ತನ್ನ ಊರಿಗೆ ವಾಪಸಾಗಿ, ಬಂದವರಿಗೆ ಊರು ತೋರಿಸುವ ಕೆಲಸ ಮಾಡುತ್ತಾಳೆ. ಆಫ್ರಿಕಾದಿಂದ ಗುಲಾಮರಾಗಿ ಹಿಡಿದು ತಂದವರ ಮಕ್ಕಳು ಮೊಮ್ಮಕ್ಕಳ ಊರಂತೆ ಅದು. ಯಜಮಾನರ ಕಣ್ಣು ತಪ್ಪಿಸಲು ತಮ್ಮ ದೇವರುಗಳನ್ನು ಇಗರ್ಜಿಯ ಸಂತರ ಹೆಸರಿನ ಹಿಂದೆ ಬಚ್ಚಿಟ್ಟು, ನೂರಾರು ವರ್ಷ ಕಾಪಾಡಿಕೊಂಡರಂತೆ. ಫೆಬ್ರವರಿ ಎರಡಕ್ಕೆ ಅಲ್ಲಿ ಕಡಲಮ್ಮನ ಹಬ್ಬ. ರೋಸ್‌ಮೇರಿ ಇದನ್ನು ತಮ್ಮ ಗೆಳತಿಯರಿಗೆಲ್ಲ ಹೇಳಿ ಹೇಳಿ ತಾವೂ ಸೇರಿ ಹನ್ನೊಂದು ಹೆಂಗಸರನ್ನು ಕೂಡಿಸಿದರು. ಯಜ್ಞೇಶ್ ಲೀಡರು, ಹೆಂಗಸರ ಮದ್ದುಮಾತ್ರೆ ನೋಡಿಕೊಳ್ಳಲು ಲೀಲಾಕ್ಷಿ ಎಂದು ಬ್ಯಾರಿಗಳು ನಿಶ್ಚಯ ಮಾಡಿದರು. ವೀಸಾ ಆಯಿತು, ಹಳದಿ ಜ್ವರದ ಚುಚ್ಚುಮದ್ದೂ ಆಯಿತು.

ಹೊರಡಲು ಹನ್ನೆರಡು ದಿನವಿರುವಾಗ ಯಜ್ಞೇಶ್ ಬರ್ವಾ ಅಲ್ ಬರಾಹಾದ ಮೈದಾನದಲ್ಲಿ ಶುಕ್ರವಾರದ ಕ್ರಿಕೆಟ್ ಆಡಲು ಹೋಗಿ ಕಾಲಿನ ಗಂಟು ಮುರಿದುಕೊಂಡ. ಹೊಸ ಲೀಡರಿಗೆ ವೀಸಾ ಮಾಡಿಸಲು ಸಮಯವಿಲ್ಲ. ಬ್ಯಾರಿಗಳು ಟೂರು ಕ್ಯಾನ್ಸಲ್ ಎಂದು ಹೇಳಲು ಎಲ್ಲರನ್ನೂ ಆಫೀಸಿಗೆ ಕರೆದರು. ಲೀಲಕ್ಕ ಇರುವಾಗ ಕ್ಯಾನ್ಸಲ್ ಯಾಕೆ ಎಂದು ರೋಸ್‌ಮೇರಿ ಕೇಳಿದರು. ಹನ್ನೊಂದು ಮಂದಿಯಲ್ಲಿ ಒಬ್ಬಳಾದ, ಲುಸೈಲ್‌ನ ದೊಡ್ಡ ಆಫೀಸಿನಲ್ಲಿ ಎಚ್‌ಆರ್ ಆಗಿರುವ ಅಮಿತಾಗೆ ಇದು ಸರಿಬರಲಿಲ್ಲ.

“ಲೀಡರ್ ಅಂತ ಹೇಳಿ ಚಾ ಮಾಡುವವರನ್ನು ಕಳಿಸಿದ್ರೆ ಹೇಗೆ?” ಎಂದಳು.

“ಚಾ ಕೂಡ ಮಾಡಿಕೊಡ್ತೇನೆ ಅಮಿತಾ ಮೇಡಂ, ಎಕ್ಸ್‌ಟ್ರಾ ಇಲ್ಲ,” ಎಂದಳು ಲೀಲಾಕ್ಷಿ.

ಎಲ್ಲರೂ ನಕ್ಕರು, ಅಮಿತಾ ನಗಲಿಲ್ಲ. ಬ್ಯಾರಿಗಳು ಗಡ್ಡ ನೀವಿಕೊಂಡರಂತೆ. ಆಮೇಲೆ ಹೇಳಿದರು: “ಹೋಗಿ ಲೀಲಕ್ಕ. ಆದ್ರೆ ಒಂದು ಕಂಪ್ಲೇಂಟ್ ಬಂದ್ರೂ ಖಲಾಸ್. ಮತ್ತೆ ಗುಂಪಿನ ಸುದ್ದಿ ನನ್ನ ಹತ್ರ ತೆಗೀಬಾರ್ದು.”

ಆ ಸಂಜೆ ನನ್ನ ಬಸಳೆ ಅವಳೇ ಸೋಸಿದಳು. ಅರ್ಧ ಒಳ್ಳೆಯ ಎಲೆ ಕಸದ ಬುಟ್ಟಿಗೆ ಹೋಯಿತು.

ಹನ್ನೆರಡು ದಿನವೂ ಅವಳು ಕ್ಯಾರೊಲ್ ಜೊತೆ ಫೋನಿನಲ್ಲಿ ಮಾತಾಡಿದಳು. ಬರೆದುಕೊಳ್ಳುವ ಅಭ್ಯಾಸ ಕಡಿಮೆ, ಎಲ್ಲ ತಲೆಯೊಳಗೆ. ಒಂದು ಶುಕ್ರವಾರ ನಮ್ಮ ಹಾಲಿನಲ್ಲಿ ಹನ್ನೊಂದು ಮಂದಿಯನ್ನೂ ಕೂರಿಸಿ ಹೇಳಿದಳು: ಬಿಳಿ ಬಟ್ಟೆ ತನ್ನಿ, ಕಪ್ಪು ಬೇಡ. ಅಲ್ಲಿಯವರ ದೇವರುಗಳ ಪೂಜೆಯ ಮನೆಯಲ್ಲಿ ಹೆಂಗಸರು ಒಂದು ಕಡೆ, ಗಂಡಸರು ಒಂದು ಕಡೆ. ಫೋಟೋ ತೆಗೆಯಬಾರದು. ಅಲ್ಲಿ ಕುಣಿಯುವವರ ಮೈಮೇಲೆ ದೇವರು ಬರುತ್ತದೆ ಎಂದು ಕೇಳಿ ಇಬ್ಬರು ಹೆದರಿದರು. “ಊರಲ್ಲಿ ಭೂತದ ಕೋಲಕ್ಕೆ ಹೋಗುವಾಗ ಹೆದರ್ತೀರಾ? ಮುಂದಿನ ಸಾಲು ಸಿಗ್ಬೇಕು ಅಂತ ಸಂಜೆಗೇ ಚೇರು ಹಾಕಿ ಕೂರ್ತೀರಿ,” ಎಂದಳು ಇವಳು. ಅಲ್ಲಿಗೆ ಆ ಹೆದರಿಕೆ ಮುಗಿಯಿತು.

ಹೊರಟ ಮೇಲೆ ದಿನಕ್ಕೆ ನಾಲ್ಕೈದು ವಾಯ್ಸ್ ಮೆಸೇಜು ನನಗೆ ಬರುತ್ತಿತ್ತು. ಕಿವಿಗೆ ಇಟ್ಟುಕೊಂಡು ಕೇಳುವುದೇ ನನ್ನ ಕೆಲಸ. ಸಲ್ವಡೋರಿನಲ್ಲಿ ಕ್ಯಾರೊಲ್ ಇವರನ್ನು “ಯಲ್ಲಾ, ಯಲ್ಲಾ” ಎಂದು ದೋಹಾದ ಹಾಗೆಯೇ ಓಡಿಸುತ್ತಿದ್ದಳಂತೆ. ಕಲ್ಲು ಹಾಸಿದ ಒಂದು ಚೌಕ ತೋರಿಸಿ, ಇಲ್ಲಿಯೇ ಗುಲಾಮರನ್ನು ಕಂಬಕ್ಕೆ ಕಟ್ಟಿ ಹೊಡೆಯುತ್ತಿದ್ದರು ಎಂದಳಂತೆ. ಅದೇ ಚೌಕದ ಇಳಿಜಾರಿನಲ್ಲಿ ಒಂದು ನೀಲಿ ಇಗರ್ಜಿ. ಹಗಲು ಯಜಮಾನನಿಗೆ ದುಡಿದು, ಉಳಿದ ಹೊತ್ತಿನಲ್ಲಿ ಕಪ್ಪು ಜನರು ತಮಗಾಗಿ ತಾವೇ ಕಟ್ಟಿಕೊಂಡದ್ದು. ರೋಸ್‌ಮೇರಿ ಒಳಗೆ ಮೊಣಕಾಲೂರಿ ಕುಳಿತವರು ಏಳಲೇ ಇಲ್ಲವಂತೆ. ಹೊರಗೆ ಬಿಳಿ ಲಂಗ ಹರಡಿ ಕುಳಿತ ಹೆಂಗಸರು ಅಲಸಂಡೆ ರುಬ್ಬಿ ಕೆಂಪೆಣ್ಣೆಯಲ್ಲಿ ಕರಿದ ದೊಡ್ಡ ಅಂಬೊಡೆ ಮಾರುತ್ತಿದ್ದರು. ಅದರ ಹೊಟ್ಟೆ ಸೀಳಿ ಒಣ ಸೀಗಡಿ ತುಂಬುತ್ತಾರಂತೆ. “ನಮ್ಮ ಸೀಗಡಿ ಇಷ್ಟು ದೂರ ಬಂದದ್ದು ಯಾವ ವೀಸಾದಲ್ಲಿ?” ಎಂದು ಇವಳು ಕೇಳಿದ್ದಕ್ಕೆ ಗುಂಪಿನಲ್ಲಿ ಎಲ್ಲರೂ ನಕ್ಕದ್ದು ಮೆಸೇಜಿನಲ್ಲೇ ಕೇಳಿಸಿತು.

ಜನವರಿಯ ಕೊನೆಯ ದಿನ ಅವರು ಪೂಜೆಯ ಮನೆಗೆ ಹೋದರು. ಅಲ್ಲಿಯ ಹಿರಿಯಾಕೆಯನ್ನು ಎಲ್ಲರೂ ತಾಯಿ ಎಂದೇ ಕರೆಯುತ್ತಾರೆ. ಎಂಬತ್ತು ದಾಟಿದ ಸಣ್ಣ ದೇಹ, ಕಣ್ಣು ಮಾತ್ರ ಚುರುಕು. ಡೋಲು ಶುರುವಾದಾಗ ನಮ್ಮ ಹೆಂಗಸರು ಕಾಲು ಮಡಚಿ, ಸೆರಗು ಹೊದ್ದು, ಫೋನು ಚೀಲದೊಳಗಿಟ್ಟು ಕುಳಿತರು. ದೇವರು ಬಂದಾಗ ಹೇಳದೆಯೇ ಎದ್ದು ನಿಂತರು. ಬಂದವರಿಗೆ ಹೀಗೆ ಕೂರಲು ಕಲಿಸಲಿಕ್ಕೇ ತನಗೆ ಒಂದು ದಿನ ಬೇಕಾಗುತ್ತದೆ ಎಂದು ಕ್ಯಾರೊಲ್ ಆಶ್ಚರ್ಯಪಟ್ಟಳಂತೆ. ತಾಯಿಗೆ ಎಷ್ಟು ಸಂತೋಷವಾಯಿತೆಂದರೆ, ಹಬ್ಬದ ದಿನ ಕಡಲಮ್ಮನಿಗೆ ಕೊಡುವ ತಮ್ಮ ಮನೆಯ ಬುಟ್ಟಿಗೇ ನೀವೂ ಹೂವು ಹಾಕಿ ಎಂದರು.

ಆ ರಾತ್ರಿಯ ಮೆಸೇಜಿನಲ್ಲಿ ಲೀಲಾಕ್ಷಿಯ ಸ್ವರ ನೆಲದ ಮೇಲಿರಲಿಲ್ಲ. ಎಲ್ಲ ನಮ್ಮ ಹಾಗೆಯೇ ಅಮ್ಮ, ಎಲ್ಲ ನಮ್ಮದೇ ಎಂದು ಮೂರು ಸಲ ಹೇಳಿದಳು.

ಮರುದಿನ ಮೆಸೇಜು ಬಂತು. ಅದರ ಮರುದಿನ, ಹಬ್ಬದ ದಿನ, ಒಂದೂ ಬರಲಿಲ್ಲ. ಆಮೇಲೆ ರೋಸ್‌ಮೇರಿಯೂ ಇವಳೂ ಸೇರಿ ಹೇಳಿದ್ದನ್ನು ಕೂಡಿಸಿ ಹೇಳುತ್ತೇನೆ.

ನೂರು ವರ್ಷದ ಹಿಂದೆ ಮೀನು ಸಿಗದಾದಾಗ ಆ ಊರಿನ ಮೀನುಗಾರರು ಕಡಲಮ್ಮನಿಗೆ ಕಾಣಿಕೆ ಕೊಡಲು ಶುರುಮಾಡಿದರಂತೆ. ಅವಳ ಹೆಸರು ಯೆಮಂಜಾ. ಬೆಳಗಿನಿಂದ ಜನ ಸಾಲು ನಿಂತು ಹೂವು, ಕನ್ನಡಿ, ಬಾಚಣಿಗೆ, ಅತ್ತರನ್ನು ಬುಟ್ಟಿಗಳಿಗೆ ತುಂಬುತ್ತಾರೆ. ಮಧ್ಯಾಹ್ನದ ಮೇಲೆ ದೋಣಿಗಳು ಬುಟ್ಟಿಗಳನ್ನು ಕೊಂಡೊಯ್ದು ಕಡಲಿಗೆ ಬಿಡುತ್ತವೆ. ನಮ್ಮವರು ಹನ್ನೆರಡು ಮಂದಿ ಬಿಳಿ ಸೀರೆ, ಬಿಳಿ ಚೂಡಿದಾರದಲ್ಲಿ ಸಾಲಾಗಿ ಬಂದು ತಾಯಿಯ ಬುಟ್ಟಿಗೆ ಬಿಳಿ ಗುಲಾಬಿ ಹಾಕಿದರು. ಲೀಲಾಕ್ಷಿ ದೋಹಾದ ಸೂಕ್ ಪೇಟೆಯಿಂದ ಕೊಂಡುಹೋಗಿದ್ದ ಅತ್ತರನ್ನೂ ಸುರಿದಳು. ತಾಯಿ ಬುಟ್ಟಿಯ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡಿ ಮುಗಿಸಿದರು.

ಆಗ ಲೀಲಾಕ್ಷಿ, ಊರಿನ ಗುಡಿಯಲ್ಲಿ ಮಾಡುವ ಹಾಗೆ, ಬಗ್ಗಿ ಬುಟ್ಟಿಗೆ ಕೈಹಾಕಿ ಒಂದು ಗುಲಾಬಿ ತೆಗೆದು, ಕಣ್ಣಿಗೊತ್ತಿಕೊಂಡು ಮುಡಿದಳು. ಉಳಿದವರಿಗೂ ಪ್ರಸಾದ ಕೊಡಬೇಕೆಂದು ಮತ್ತೆ ಕೈ ನೀಡಿದಳು.

ಡೋಲು ನಿಂತಿತು. ಬುಟ್ಟಿ ಹೊರಲು ಬಂದಿದ್ದವರು ಹಿಂದೆ ಸರಿದರು. ಯಾರೋ ಒಬ್ಬಾಕೆ ಬಾಯಿಗೆ ಕೈ ಹಿಡಿದಳು.

ಕ್ಯಾರೊಲ್ ಓಡಿ ಬಂದಳು. ಅಲ್ಲಿ ಕಡಲಮ್ಮನಿಗೆ ಕೊಟ್ಟದ್ದು ಹಿಂದೆ ಬಂದರೆ ಅವಳು ಬೇಡವೆಂದಳು ಎಂದು ಅರ್ಥ. ಬುಟ್ಟಿ ಇಡೀ ಮನೆಯದ್ದು, ಇಡೀ ವರ್ಷದ್ದು. ಇದನ್ನು ಅವಳು ಗಡಿಬಿಡಿಯಲ್ಲಿ ಹೇಳುತ್ತಿರುವಾಗಲೇ ಅಮಿತಾ ಎಲ್ಲರಿಗೂ ಕೇಳುವ ಹಾಗೆ ಹೇಳಿದಳು: “ಇದಕ್ಕೇ ನಾನು ಲೀಡರ್ ಬೇಕು ಅಂದದ್ದು.”

ಬ್ಯಾರಿಗಳ ಮಾತು ತಲೆಯೊಳಗೆ ಗಂಟೆ ಬಾರಿಸಿದ ಹಾಗೆ ಬಾರಿಸಿತು ಎಂದು ಲೀಲಾಕ್ಷಿ ಆಮೇಲೆ ನನಗೆ ಹೇಳಿದಳು. ಗೊತ್ತಿರಲಿಲ್ಲ ಎಂದು ಅವಳು ಹೇಳಲಿಲ್ಲ. ಹೂವನ್ನು ಮುಡಿಯಿಂದ ತೆಗೆದು ಅಂಗೈಯಲ್ಲಿಟ್ಟುಕೊಂಡಳು. ಮುಡಿದ ಹೂವನ್ನು ದೇವರಿಗೆ ಹಾಕಬಾರದು, ಅದು ನಮ್ಮಲ್ಲೂ ಇಲ್ಲ. ತಪ್ಪಾಯಿತು, ಇಲ್ಲಿ ಇದಕ್ಕೆ ಏನು ಮಾಡುತ್ತಾರೆ ಕೇಳು ಎಂದು ಕ್ಯಾರೊಲ್‌ಗೆ ಹೇಳಿದಳು.

ತಾಯಿ ಹತ್ತಿರ ಬಂದು, ಯಾಕೆ ತೆಗೆದೆ ಎಂದು ಕೇಳಿದರು. ಕ್ಯಾರೊಲ್ ನಡುವೆ ನಿಂತು ಎರಡೂ ಕಡೆಗೆ ಹೇಳಿದಳು.

“ನಮ್ಮಲ್ಲಿ ಕೊಟ್ಟದ್ದರಲ್ಲಿ ಒಂದು ಚೂರು ವಾಪಸು ಸಿಗ್ತದೆ,” ಎಂದಳು ಲೀಲಾಕ್ಷಿ. “ಅದು ಸಿಗದಿದ್ರೆ ದೇವರು ನಮ್ಮನ್ನು ನೋಡಿಲ್ಲ ಅಂತ ಬೇಜಾರಾಗ್ತದೆ.”

ತಾಯಿ ಆ ಹೂವನ್ನೂ ಇವಳನ್ನೂ ನೋಡಿದರು. ಆಮೇಲೆ ನಗುತ್ತ ಹೇಳಿದ್ದನ್ನು ಕ್ಯಾರೊಲ್ ಹೀಗೆ ಹೇಳಿದಳಂತೆ: “ಅಮ್ಮನಿಗೆ ಕೊಡೋದೆಲ್ಲ ಹೆಂಗಸರ ಸಾಮಾನೇ. ಮುಡಿದ ಹೂವು ಬೇಡ ಅನ್ನೋಳಲ್ಲ ಅವಳು. ತೆಗೆದವಳೇ ಹೋಗಿ ಕೈಯಾರೆ ಕೊಡಲಿ.”

ಅಂದರೆ ದೋಣಿ ಹತ್ತಬೇಕು.

ಲೀಲಾಕ್ಷಿಯ ಅಪ್ಪ, ಅಣ್ಣ, ಗಂಡ ಎಲ್ಲರೂ ಮೀನು ಹಿಡಿಯಲು ಕಡಲಿಗೆ ಹೋಗುತ್ತಿದ್ದವರು. ಅವರ ಮನೆಯಲ್ಲಿ ಹೆಂಗಸರ ಕೆಲಸವೆಲ್ಲ ದಡದಲ್ಲಿ. ಮೀನಿನ ಬುಟ್ಟಿ ಹೊತ್ತು ಮಾರಲು ಹೋಗಬೇಕು, ದೋಣಿ ಹತ್ತುವ ಹಾಗಿಲ್ಲ. ಐವತ್ತೆರಡು ವರ್ಷದಲ್ಲಿ ಅವಳು ದೋಣಿಯ ನೆರಳಿನಲ್ಲಿ ಕುಳಿತದ್ದುಂಟು, ಒಳಗೆ ಕಾಲಿಟ್ಟದ್ದಿಲ್ಲ. ಇದನ್ನು ಅಲ್ಲಿ ಯಾರಿಗೆ ಹೇಳುವುದು? ಕೈಯಲ್ಲಿದ್ದ ಹಳದಿ ಬಾವುಟವನ್ನು ಹತ್ತಿರ ನಿಂತಿದ್ದವರ ಕೈಗೆ ತುರುಕಿದಳು. ಅದು ಅಮಿತಾ. ಗುಲಾಬಿಯನ್ನು ಸೆರಗಿನ ತುದಿಯಲ್ಲಿ ಕಟ್ಟಿಕೊಂಡು, ಸೀರೆ ಎತ್ತಿ ಸಿಕ್ಕಿಸಿ, ನೀರಿಗಿಳಿದು, ಬುಟ್ಟಿಯ ಜೊತೆ ದೋಣಿಗೆ ಹತ್ತಿದಳು.

ದೋಣಿಯವನ ಅಂಗಿಯನ್ನು ಹಿಂದಿನಿಂದ ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳಂತೆ. ಅವನು ಏನೋ ಹೇಳಿದ, ಇವಳು ತುಳುವಿನಲ್ಲಿ ಉತ್ತರ ಕೊಟ್ಟಳು. ಅಂಗಿ ಬಿಡು ಎಂದಿರಬೇಕು, ಬಿಡುವುದಿಲ್ಲ ಎಂದು ಇವಳು. ದಡ ಸಣ್ಣದಾಯಿತು. ಸುತ್ತ ನೂರಾರು ದೋಣಿ, ನೀರಿನ ಮೇಲೆಲ್ಲ ಬಿಳಿ ಹೂವು. ಬುಟ್ಟಿ ಇಳಿಸಿದರು, ಇವಳು ತನ್ನ ಗುಲಾಬಿಯನ್ನು ಅದರ ಮೇಲಿಟ್ಟಳು. ಬುಟ್ಟಿ ತೇಲಿತು. ಒಂದು ಸುತ್ತು ತಿರುಗಿ ದೋಣಿಯ ಕಡೆಗೇ ಬಂತು. ಆಮೇಲೆ ಒಂದು ಬದಿ ವಾಲಿ, ಹೂವು ಸಮೇತ ಮೆಲ್ಲಗೆ ಕೆಳಗಿಳಿಯಿತು. ದೋಣಿಯವರೆಲ್ಲ ಚಪ್ಪಾಳೆ ತಟ್ಟಿದರು, ಇವಳೂ ಅಂಗಿ ಬಿಟ್ಟು ತಟ್ಟಿದಳು.

ಇತ್ತ ದಡದಲ್ಲಿ ಅಮಿತಾ ಒಂದು ಗಂಟೆ ಬಾವುಟ ಹಿಡಿದು ನಿಂತಿದ್ದಳು. ಒಬ್ಬರು ಐಸ್‌ಕ್ರೀಮಿಗೆ ಹೋದರು, ಒಬ್ಬರು ಡೋಲಿನ ಹಿಂದೆ ಹೋದರು, ಒಬ್ಬರ ಚಪ್ಪಲಿ ನೀರು ಪಾಲಾಯಿತು. ಎಣಿಸಿದರೆ ಒಂಬತ್ತು, ಮತ್ತೆ ಎಣಿಸಿದರೆ ಎಂಟು. ಲೀಲಾಕ್ಷಿ ಒದ್ದೆ ಸೀರೆಯಲ್ಲಿ ಮರಳಿ ಬಂದಾಗ ಅಮಿತಾ ಮಾತಾಡದೆ ಬಾವುಟ ಕೊಟ್ಟಳು. ಎಲ್ಲರನ್ನೂ ಕೂಗಿ ಕೂಗಿ ಗಂಟಲು ಕಟ್ಟಿ ಸ್ವರವೇ ಇರಲಿಲ್ಲ ಎಂದು ರೋಸ್‌ಮೇರಿ ಹೇಳಿ ನಕ್ಕರು.

ಗುಂಪು ದೋಹಾಕ್ಕೆ ಬಂದಿಳಿದಾಗ ಬ್ಯಾರಿಗಳು ಏರ್‌ಪೋರ್ಟಿಗೆ ಬಂದಿದ್ದರು. ನಾನೂ ಮಗನ ಕಾರಿನಲ್ಲಿ ಹೋಗಿದ್ದೆ. ಲೀಲಾಕ್ಷಿ ಟ್ರಾಲಿ ಬಿಟ್ಟು ನೇರ ಅವರ ಮುಂದೆ ಹೋಗಿ ನಿಂತಳು. ಬೇರೆ ಯಾರೂ ಬಾಯಿ ತೆರೆಯುವ ಮೊದಲು, ಬುಟ್ಟಿಗೆ ಕೈಹಾಕಿದ್ದರಿಂದ ಹಿಡಿದು ಎಲ್ಲವನ್ನೂ ಹೇಳಿದಳು. ಬ್ಯಾರಿಗಳು ತಲೆ ತಗ್ಗಿಸಿ ಕೇಳಿದರು.

“ಬುಟ್ಟಿ ಮುಳುಗಿತಾ?” ಎಂದರು ಕೊನೆಗೆ.

“ಮುಳುಗಿತು ಸಾಹೇಬ್ರೆ.”

“ಮತ್ತೆ ಕಂಪ್ಲೇಂಟ್ ಯಾರದ್ದು?”

“ನನ್ನದೊಂದು ಉಂಟು,” ಎಂದಳು ಅಮಿತಾ ಹಿಂದಿನಿಂದ.

ಲೀಲಾಕ್ಷಿ ನನ್ನ ಕೈ ಹಿಡಿದುಕೊಂಡಳು.

“ದೋಣಿಗೆ ಲೀಲಕ್ಕ ಒಬ್ಬರೇ ಹೋದದ್ದು. ನಾವು ಹನ್ನೊಂದು ಜನ ದಡದಲ್ಲಿ. ಮುಂದಿನ ಸಲ ಎಲ್ಲರಿಗೂ ದೋಣಿ ಬುಕ್ ಮಾಡ್ಬೇಕು.” ಅಮಿತಾ ಸ್ವಲ್ಪ ತಡೆದು, “ಬಾವುಟ ಮಾತ್ರ ನನ್ನ ಕೈಗೆ ಕೊಡ್ಬಾರ್ದು,” ಎಂದಳು.

ಬ್ಯಾರಿಗಳು ಗಡ್ಡದೊಳಗೇ ನಕ್ಕರು. ಕಂಪ್ಲೇಂಟ್ ಬಂದರೆ ಖಲಾಸ್ ಎಂದದ್ದು ತಾನೇ, ಈಗ ಏನು ಮಾಡುವುದು ಎಂದು ಎಲ್ಲರನ್ನೂ ಕೇಳಿದರು. ಅಮಿತಾ ಬರೆದು ಕೊಟ್ಟರೆ ಮಾತ್ರ ಕಂಪ್ಲೇಂಟ್, ಬಾಯಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ ಎಂದು ರೋಸ್‌ಮೇರಿ ತೀರ್ಮಾನ ಕೊಟ್ಟರು. ಅಮಿತಾ ಬರೆಯಲಿಲ್ಲ.

ಬರುವ ಆಗಸ್ಟಿಗೆ ಅದೇ ಕಡೆಗೆ ಎರಡನೇ ಗುಂಪು. ಹಳೆಯ ಕಾಲದಲ್ಲಿ ಗುಲಾಮರನ್ನು ಬಿಡಿಸಲು ಒಂದುಗೂಡಿದ ಹೆಂಗಸರ ಸಂಘವೊಂದು ನಡೆಸುವ, ಇಗರ್ಜಿಯ ಮಾತೆಯ ಹಬ್ಬವಂತೆ, ಬಂದವರಿಗೆಲ್ಲ ಊಟವಂತೆ. ಹದಿನಾರು ಹೆಸರು ಬಂದಿದೆ. ಕಳೆದ ಶುಕ್ರವಾರ ಲೀಲಾಕ್ಷಿ ನಮ್ಮ ಹಾಲಿನಲ್ಲಿ ಎಲ್ಲರನ್ನೂ ಕೂರಿಸಿ, ಬಿಳಿ ಬಟ್ಟೆಯ ವಿಷಯಕ್ಕೂ ಮೊದಲು, ತಾನು ಹೂವು ತೆಗೆದ ಕತೆಯನ್ನೇ ಹೇಳಿದಳು. ಹಾಗಾದರೆ ಅಲ್ಲಿ ಪ್ರಸಾದ ತೆಗೆದುಕೊಳ್ಳಲೇಬಾರದೋ ಎಂದು ಹೊಸಬರೊಬ್ಬರು ಕೇಳಿದರು.

“ಕೊಟ್ರೆ ಎರಡೂ ಕೈಯಲ್ಲಿ ತಗೊಳ್ಳಿ,” ಎಂದಳು ಲೀಲಾಕ್ಷಿ. “ಕೊಡದಿದ್ರೆ ನನ್ನನ್ನು ಕೇಳಿ. ನಾನು ಕ್ಯಾರೊಲ್‌ನ ಕೇಳ್ತೇನೆ, ಅವಳು ತಾಯಿಯನ್ನು ಕೇಳ್ತಾಳೆ. ಅಷ್ಟರವರೆಗೆ ಕೈ ಹಿಂದೆ ಕಟ್ಟಿ ನಿಲ್ಲುವ.”