ಹೋದ ವರ್ಷದ ಸೂಜಿ

ನಮ್ಮತ್ತೆಗೆ ಉಬ್ಬಸ. ಚಳಿ ಶುರುವಾಯಿತೆಂದರೆ ನನಗೆ ಕೂತಲ್ಲಿ ಕೂರಲಾಗುವುದಿಲ್ಲ. ಈ ಸಲ ಆ ಚಳಿಯಲ್ಲೇ ಕಿರುಗಾವಲಿನ ಅವರ ತಂಗಿಯ ಗಂಡ ತೀರಿಕೊಂಡರು. ಆ ಮನೆಯಲ್ಲಿ ಎಲ್ಲರಿಗೂ ಫ್ಲೂ, ಕೆಮ್ಮು. ನಮ್ಮ ಕಡೆ ಸಾವಿನ ಮನೆಗೆ ಹೋದ ಹೆಂಗಸರು ಒಬ್ಬರ ಕೊರಳನ್ನೊಬ್ಬರು ತಬ್ಬಿ, ಕೆನ್ನೆಗೆ ಕೆನ್ನೆ ತಾಗಿಸಿ ಅಳಬೇಕು, ಇಲ್ಲದಿದ್ದರೆ ಊರು ಆಡಿಕೊಳ್ಳುತ್ತದೆ. ಹೋಗಬೇಡಿ ಎಂದು ಬೇಡಿಕೊಂಡೆ.

"ಓದ್ವರ್ಸ ಪ್ಲೂಗೆ ಸೂಜಿ ಆಕಿಸ್ಕಂಡಿವ್ನಲ್ಲ. ಮಕ್ಳಿಗೆ ಆಕಿದ್ದು ಸಾಯೋಗಂಟ ಇರಾಕಿಲ್ವಾ, ಅಂಗೇ ಇದೂವೆ," ಎಂದರು.

ನಾನು ಮದ್ದೂರಿನ ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಮಾಡುವವಳು. ಬಿಟ್ಟೇನೆಯೇ? ಈ ವೈರಸ್ಸು ತನ್ನನ್ನು ನಕಲು ಮಾಡಿಕೊಳ್ಳುವಾಗ ತಪ್ಪು ಮಾಡುತ್ತದೆ, ತಿದ್ದಿಕೊಳ್ಳುವುದಿಲ್ಲ. ಆ ತಪ್ಪುಗಳಿಂದಲೇ ಅದರ ಹೊರಮೈ ಬದಲಾಗುತ್ತದೆ. ಹೋದ ವರ್ಷದ ಗುರುತು ಹಿಡಿದು ಕಾಯುವ ದೇಹಕ್ಕೆ ಈ ವರ್ಷ ಅದು ಸರಿಯಾಗಿ ಗೊತ್ತಾಗುವುದಿಲ್ಲ ಎಂದೆಲ್ಲ ಹೇಳಿದೆ. ಅವರು ಸೆರಗು ಸರಿಮಾಡಿಕೊಂಡು ಬಸ್ಸು ಹತ್ತಿದರು.

ವಾಪಸ್ಸು ಬಂದು ವಾರ ಕಳೆಯುವ ಮೊದಲೇ ಜ್ವರ, ಮೇಲುಸಿರು. ಮಂಡ್ಯದ ಆಸ್ಪತ್ರೆಗೆ ಸೇರಿಸಿದೆವು.

ಹಾಸಿಗೆಯ ಪಕ್ಕ ಕೂತೆ, ಎದ್ದೆ, ಕಿಟಕಿಗೆ ಹೋದೆ, ಮತ್ತೆ ಬಂದು ಕೂತೆ. ಏನೂ ತಿಳಿಯದಿದ್ದರೇ ಚೆನ್ನಾಗಿತ್ತು. ಅವರು ಕೆಮ್ಮಿದಾಗಲೆಲ್ಲ ಪಾಠ ತಲೆಯಲ್ಲಿ ಓಡುತ್ತಿತ್ತು. ವೈರಸ್ಸು ಉಸಿರುನಾಳದ ಜೀವಕೋಶದ ಮೇಲಿರುವ ಸಕ್ಕರೆಯ ಎಳೆಯನ್ನು ಹಿಡಿದುಕೊಳ್ಳುತ್ತದೆ. ಕೋಶವೇ ಅದನ್ನು ಒಳಗೆಳೆದುಕೊಳ್ಳುತ್ತದೆ. ಒಳಗೆ ಸೇರಿದ ಮೇಲೆ ಕೋಶದ ಕೈಯಲ್ಲೇ ತನ್ನ ಮರಿಗಳನ್ನು ಮಾಡಿಸಿಕೊಳ್ಳುತ್ತದೆ. ಅಕ್ಕಪಕ್ಕದ ಕೋಶಗಳಿಗೆ ಹೋಗಬೇಕಾದ ಎಚ್ಚರಿಕೆಯನ್ನೂ ಅದುಮಿಡುತ್ತದೆ. ತರಗತಿಯಲ್ಲಿ ಇದನ್ನು ಎಷ್ಟು ಖುಷಿಯಿಂದ ಹೇಳುತ್ತಿದ್ದೆ. ಈಗ ಅವರ ಎದೆ ಏರಿ ಇಳಿಯುವುದನ್ನು ನೋಡುತ್ತ ಹೆದರಿ ಕೂತಿದ್ದೆ. ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ಊರು ಆಡಿಕೊಳ್ಳುತ್ತದೆಂದು ಜೀವ ಕೊಡುತ್ತಾರೆಯೇ? ಹುಷಾರಾಗಲಿ, ಸರಿಯಾಗಿ ಬೈಯುತ್ತೇನೆ ಅಂದುಕೊಂಡೆ.

ಆಕ್ಸಿಜನ್ ತೆಗೆದ ಬೆಳಿಗ್ಗೆ ಬೈಯಲು ಬಾಯಿ ತೆರೆದೆ. ಅಷ್ಟರಲ್ಲಿ ಅವರೇ ಮೆಲ್ಲಗೆ ಶುರುಮಾಡಿದರು.

"ನೀ ಯೋಳಿದ್ದು ದಿಟ ಕಣವ್ವ. ಆದ್ರೆ ಎಲ್ರೂ ಕೆಮ್ತಾವ್ರೆ ಅಂತ ಊರೋರು ಬಾಗ್ಲಲ್ಲೇ ನಿಂತ್ಬುಟ್ಟಿದ್ರು. ನಾನೂ ಒಳೀಕೆ ಓಗ್ದಿದ್ರೆ ನನ್ ತಂಗೀನ ತಬ್ಕಳೋರು ಯಾರಿದ್ರು?"

ಅವರ ಹೊದಿಕೆಯನ್ನು ಕೊರಳವರೆಗೆ ಎಳೆದೆ. ನಾನಾಗಿದ್ದರೆ ಆ ಬಾಗಿಲಲ್ಲೇ ನಿಂತಿರುತ್ತಿದ್ದೆ.